ಸಮುದ್ರ ಸೇರುವ ನೀರು ವ್ಯರ್ಥವೇ? ಕಗ್ಗದ ಮೊಳಕೆಯನ್ನು ಕೇಳಿ

‘ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ.’ ದಶಕಗಳಿಂದ ಕೇಳಿಬರುತ್ತಿರುವ ಮಾತಿದು. ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿಗೆ ಸೇರಿಸುವ ಪ್ರಸ್ತಾಪದ ಬೆನ್ನಿಗೂ ಇದೇ ವಾದವಿದೆ. ಈ ವಾದವನ್ನು ಒಂದು ಭತ್ತದ ಕಾಳಿನ ಮುಂದಿಟ್ಟು ಪರೀಕ್ಷಿಸೋಣ.

ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟುಗಳಿಗೆ ಸಿಲುಕದೆ ಘಟ್ಟವಿಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಅಲ್ಲಿನ ಅಳಿವೆಯ ಅಂಚಿನಲ್ಲಿ, ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳೇ ಗಜನಿ. ಮಾಣಿಕಟ್ಟಾ ಮುಂತಾದ ಊರುಗಳ ರೈತರು ತಲೆಮಾರುಗಳಿಂದ ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆದಿದ್ದಾರೆ. ಬೇಸಗೆಯಲ್ಲಿ ಉಪ್ಪುನೀರು ಕುಡಿದ ನೆಲವೇ ಮಳೆಗಾಲದಲ್ಲಿ ಅನ್ನ ಕೊಡುತ್ತದೆ. ಅದು ಹೇಗೆ ಸಾಧ್ಯ?

ಒಣ ಬೀಜ ಮೊಳೆಯಲು ಮೊದಲು ಮಾಡಬೇಕಾದ ಕೆಲಸ ನೀರು ಹೀರುವುದು. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಆ ನೀರು ಬೀಜದೊಳಕ್ಕೆ ಸಾಗುವುದು ಕಷ್ಟ. ನೀರಿನ ನಡುವೆಯೇ ಬೀಜ ಬಾಯಾರುತ್ತದೆ. ಮೊಳಕೆ ತಡವಾಗುತ್ತದೆ, ಕೆಲವು ಕಾಳುಗಳು ಮೊಳೆಯುವುದೇ ಇಲ್ಲ. ಎರಡನೆಯ ಪೆಟ್ಟು ಒಳಗಿನಿಂದ. ಸಸಿಯೊಳಗೆ ಸೇರಿದ ಸೋಡಿಯಂ ಮತ್ತು ಕ್ಲೋರೈಡ್ ಹಳೆಯ ಎಲೆಗಳಲ್ಲಿ ಶೇಖರವಾಗುತ್ತವೆ, ಪೊಟ್ಯಾಸಿಯಂ ದೊರೆಯದಂತಾಗುತ್ತದೆ. ಬೇರು ಗಿಡ್ಡಾಗುತ್ತದೆ, ಎಲೆಯ ತುದಿ ಬಿಳಿಚಿ ಒಣಗುತ್ತದೆ.

ಭತ್ತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊಳೆಯುವಾಗ ಅದು ಸಾಕಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ. ಎರಡು-ಮೂರು ಎಲೆಯ ಸಸಿಯಾದಾಗ ಸೋಲುತ್ತದೆ. ಮೊಳಕೆ ಕಂಡಿತೆಂಬ ಮಾತ್ರಕ್ಕೆ ಬೆಳೆ ಉಳಿಯಿತೆನ್ನುವಂತಿಲ್ಲ. ಮಣ್ಣಿನ ಲವಣಾಂಶವನ್ನು ವಿದ್ಯುದ್ವಾಹಕತೆಯಿಂದ ಅಳೆಯುತ್ತಾರೆ. ಅದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಲವಣಯುಕ್ತ ಮಣ್ಣು. ಸಾಮಾನ್ಯ ಭತ್ತದ ಇಳುವರಿ 3ರಿಂದಲೇ ಇಳಿಯತೊಡಗಿ, ಮುಂದಿನ ಪ್ರತಿ ಒಂದು ಡೆಸಿಸೀಮೆನ್ಸ್‌ಗೆ ಸುಮಾರು ಶೇ. 12ರಷ್ಟು ಕುಸಿಯುತ್ತದೆ. ಸಮುದ್ರದ ನೀರಿನ ಅಳತೆಯೋ, ಸುಮಾರು 50!

‘ಕಗ್ಗ ಉಪ್ಪನ್ನು ತಾಳುವ ತಳಿಯಲ್ಲವೇ, ಮತ್ತೇಕೆ ಚಿಂತೆ?’ ಎನ್ನುವವರಿದ್ದಾರೆ. ತಾಳಿಕೆಗೂ ಮಿತಿಯಿದೆ. ಗಜನಿಯ ರೈತ ಬೇಸಗೆಯಲ್ಲಿ ಬಿತ್ತುವುದಿಲ್ಲ. ಮುಂಗಾರು ಮಳೆ ಗದ್ದೆಯ ಉಪ್ಪನ್ನು ತೊಳೆಯುವವರೆಗೆ ಕಾದು, ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾನೆ. ಗದ್ದೆಯ ಮೇಲೆ ಸುರಿವ ಮಳೆ ಈ ಕೆಲಸದ ಒಂದು ಪಾಲು ಮಾತ್ರ. ಉಬ್ಬರಕ್ಕೆ ಎದುರಾಗಿ ಅಳಿವೆಯ ನೀರನ್ನೇ ಸಿಹಿಯಾಗಿಸುವುದು ಘಟ್ಟದಿಂದ ಇಳಿದು ಬರುವ ಹೊಳೆ.

ಇಲ್ಲಿಯೇ ಯೋಜನೆಯ ವಾದ ಮುರಿದುಬೀಳುತ್ತದೆ. ‘ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ಒಯ್ಯುತ್ತೇವೆ’ ಎನ್ನುತ್ತಾರೆ. ಎಳೆಯ ಸಸಿಗೆ ಸಿಹಿನೀರು ಬೇಕಾದದ್ದೂ ಮಳೆಗಾಲದಲ್ಲಿಯೇ! ಯಾವುದನ್ನು ಹೆಚ್ಚುವರಿ ಎನ್ನುತ್ತಾರೋ ಅದೇ ಉಪ್ಪನ್ನು ಹಿಂದಕ್ಕಟ್ಟುವ ನೀರು.

ಬಯಲುಸೀಮೆಯ ರೈತರ ಬಾಯಾರಿಕೆ ಸುಳ್ಳಲ್ಲ. ಅವರು ನಮ್ಮ ವೈರಿಗಳೂ ಅಲ್ಲ. ಆದರೆ ನೀರು ಹರಿಸಿದೊಡನೆ ನೆಲ ಹಸನಾಗುವುದೆಂಬುದು ಭ್ರಮೆ. ಮಲೆನಾಡಿನ ತುಂಗೆ-ಭದ್ರೆಯರ ನೀರಿಗೆ 1953ರಲ್ಲಿ ಜಲಾಶಯ ಸಿದ್ಧವಾಯಿತು. ಬಸಿಗಾಲುವೆಗಳ ಕೊರತೆ, ಕಪ್ಪುಮಣ್ಣಿನಲ್ಲಿ ಮಿತಿಮೀರಿದ ಭತ್ತ, ಇವುಗಳಿಂದ ಅದರ ಅಚ್ಚುಕಟ್ಟಿನ ಎಷ್ಟೋ ಹೊಲಗಳು ಜವುಳಾಗಿ, ಮೇಲೆದ್ದ ಲವಣದಿಂದ ಬಿಳಿಚಿಕೊಂಡವು. ನೀರು ಕಳೆದುಕೊಂಡ ಅಳಿವೆಗೂ ಉಪ್ಪು, ಲೆಕ್ಕವಿಲ್ಲದೆ ನೀರು ಪಡೆದ ಬಯಲಿಗೂ ಉಪ್ಪು. ಇದು ಯಾರ ಅಭಿವೃದ್ಧಿ?

ಗಜನಿಗೆ ನದಿ ತಿರುವೊಂದೇ ಅಪಾಯವಲ್ಲ. ಒಡೆದ ಕಟ್ಟೆಗಳು, ಸಿಗಡಿ ಕೃಷಿಗಾಗಿ ನಿಲ್ಲಿಸಿದ ಉಪ್ಪುನೀರು ಕಗ್ಗವನ್ನು ಈಗಾಗಲೇ ಮೂಲೆಗೊತ್ತಿವೆ. ಅಳಿದುಳಿದದ್ದಕ್ಕೂ ಕೊಡಲಿ ಬೀಳದಿರಲಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿದೆ. ಫಲಕ ನೆಟ್ಟರೆ ಅಳಿವೆ ಉಳಿಯದು. ಹೊಳೆ ಹರಿದರೆ ಉಳಿದೀತು.

ವಿದ್ಯಾರ್ಥಿ ಮಿತ್ರರೇ, ಮೂರು ತಟ್ಟೆಗಳಲ್ಲಿ ನೂರು ನೂರು ಭತ್ತದ ಕಾಳುಗಳನ್ನಿಡಿ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಲೀಟರಿಗೆ 5 ಗ್ರಾಂ ಉಪ್ಪು ಬೆರೆಸಿದ ನೀರು, ಮತ್ತೊಂದಕ್ಕೆ 10 ಗ್ರಾಂ. ಹದಿನೈದು ದಿನ ಮೊಳಕೆ ಎಣಿಸಿ, ಬೇರು ಅಳೆಯಿರಿ. ಆ ಲೆಕ್ಕವನ್ನು ನಿಮ್ಮ ಗ್ರಾಮಸಭೆಗೆ ತನ್ನಿ. ಅಳಿವೆಯ ಲವಣಾಂಶವನ್ನು ತಿಂಗಳು ತಿಂಗಳೂ ಅಳೆದು ಜನರ ಮುಂದಿಡದೆ ಒಂದು ಹನಿಯನ್ನೂ ತಿರುಗಿಸಕೂಡದೆಂದು ಅಲ್ಲಿ ನಿರ್ಣಯವಾಗಲಿ. ಘಟ್ಟದ ಮೇಲಿನ ನಾವು ಸುಮ್ಮನಿದ್ದರೆ ಘಟ್ಟದ ಕೆಳಗಿನ ಸಸಿ ಒಣಗುತ್ತದೆ.