ಹೊಸ ಲೆನ್ಸ್ ಬಂತಾ? ಮೊದಲ ರಾತ್ರಿಯೇ ಮಾಳಿಗೆ ಹತ್ತಿ

ಆಕಾಶಗಂಗೆ ಫೋಟೋ ತೆಗೀಬೇಕು ಅಂತ ವೈಡ್ ಆ್ಯಂಗಲ್ ಲೆನ್ಸ್ ತರಿಸಿದವರು ಬಹಳಷ್ಟು ಸಲ ಅಮಾವಾಸ್ಯೆಗೂ ಚಿಂಚೋಳಿ ಟ್ರಿಪ್‌ಗೂ ಕಾಯ್ತಾ ಕೂರ್ತಾರೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತೆ. ನಿಜ ಹೇಳಬೇಕಂದ್ರೆ ಲೆನ್ಸ್ ಪರೀಕ್ಷೆಗೆ ಕಗ್ಗತ್ತಲು ಬೇಕಾಗೇ ಇಲ್ಲ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಎಲ್ಲೇ ಇರಿ, ಸಿಮೆಂಟ್ ಫ್ಯಾಕ್ಟರಿಯ ಬೆಳಕಿನ ನಡುವೆಯೂ ನಾಲ್ಕು ಪ್ರಖರ ನಕ್ಷತ್ರ ಕಂಡರೆ ಸಾಕು.

ಯಾವುದು ಕೊಳ್ಳೋದು?

‘ಎಷ್ಟು ಅಗಲ’ ಅನ್ನೋದರ ಜೊತೆಗೆ ‘ಎಷ್ಟು ಬೆಳಕು’ ಅಂತಲೂ ಕೇಳಿ. 14 ಎಂಎಂ ಎಫ್/2.8 ಲೆನ್ಸಿನ ಬೆಳಕಿನ ಕಿಂಡಿ 5 ಎಂಎಂ ಅಷ್ಟೇ. 24 ಎಂಎಂ ಎಫ್/1.8ರದ್ದು 13 ಎಂಎಂ ದಾಟುತ್ತೆ. ಮಸುಕು ನಕ್ಷತ್ರಗಳು ಎರಡನೆಯದರಲ್ಲೇ ಚೆನ್ನಾಗಿ ಬರ್ತವೆ. ಆದರೆ ನಿಮ್ಮದು ಎಪಿಎಸ್-ಸಿ ಕ್ಯಾಮೆರಾ ಆದರೆ 24 ಎಂಎಂ ಇಕ್ಕಟ್ಟು; 14ರಿಂದ 16 ಎಂಎಂ, ಎಫ್/2.8 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯದು ನೋಡಿ. ಆಟೋಫೋಕಸ್‌ಗೆ ದುಡ್ಡು ಸುರಿಯಬೇಡಿ, ಈ ಕೆಲಸಕ್ಕೆ ಕೈಯಿಂದಲೇ ಫೋಕಸ್ ಮಾಡೋದು.

ಪರೀಕ್ಷೆ ಹೇಗೆ?

ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಅಪರ್ಚರ್ ಪೂರ್ತಿ ತೆರೆಯಿರಿ. ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನು ನಂಬಬೇಡಿ; ಲೈವ್ ವ್ಯೂನಲ್ಲಿ ನಕ್ಷತ್ರವನ್ನು ದೊಡ್ಡದು ಮಾಡಿ, ಚುಕ್ಕಿ ಅತಿ ಸಣ್ಣದಾಗೋವರೆಗೆ ರಿಂಗ್ ತಿರುಗಿಸಿ. 5 ಸೆಕೆಂಡಿನ ಶಾಟ್ ಸಾಕು. ಅದೇ ನಕ್ಷತ್ರ ಮಧ್ಯದಲ್ಲೊಮ್ಮೆ, ನಾಲ್ಕು ಮೂಲೆಯಲ್ಲಿ ಒಂದೊಂದು ಸಲ ಬರಲಿ.

ಈಗ ಜೂಮ್ ಮಾಡಿ ನೋಡಿ. ಮೂಲೆಯ ಚುಕ್ಕಿ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಂಡರೆ ಅದು ಕೋಮಾ. ನಾಲ್ಕೂ ಮೂಲೆಯಲ್ಲಿ ಒಂದೇ ತರ ಇದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದು ಸ್ಟಾಪ್ ಇಳಿಸಿದರೆ ತಗ್ಗುತ್ತೆ. ಒಂದೇ ಮೂಲೆ ಕೆಟ್ಟಿದ್ದರೆ? ಒಳಗಿನ ಗಾಜು ಓರೆಯಾಗಿದೆ ಅಂತಲೇ ಅನುಮಾನಿಸಿ. ಇನ್ನೊಮ್ಮೆ ತೆಗೆದರೂ ಹಾಗೇ ಬಂದರೆ ತಡಮಾಡದೆ ವಾಪಸ್ ಕಳಿಸಿ.

ಮೋಡ ಇದೆಯಾ? ಎರಡು-ಮೂರು ಕಿಲೋಮೀಟರ್ ದೂರದ ಚಿಮಣಿ ತುದಿಯ ದೀಪವೇ ನಿಮ್ಮ ನಕ್ಷತ್ರ. ಲೆನ್ಸ್ ಮೇಲೆ ದೂಳು ಕೂತರೆ ಅಂಗಿಯಿಂದ ಒರೆಸಬೇಡಿ, ಬ್ಲೋಯರ್‌ನಿಂದ ಊದಿ.

ಆಮೇಲೆ ಚಿಂಚೋಳಿ

ಲೆನ್ಸ್ ಪಾಸಾದರೆ ಅಮಾವಾಸ್ಯೆ ಆಸುಪಾಸು ಚಂದ್ರಂಪಳ್ಳಿ ಕಡೆ ಹೊರಡಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಲಿಡಬೇಡಿ. ಹೊರಗಿನ ಹೊಲದಲ್ಲಿ ರೈತರನ್ನು ಕೇಳಿ ನಿಂತರೂ ಆಯ್ತು. ನಮ್ಮದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶ. ಹಾಗಾಗಿ ಆಕಾಶಗಂಗೆಯ ನಡುಭಾಗ ದಕ್ಷಿಣದಲ್ಲಿ 44 ಡಿಗ್ರಿಯಷ್ಟು ಮೇಲೇರುತ್ತೆ, ದಿಗಂತದ ಫ್ಯಾಕ್ಟರಿ ಬೆಳಕಿಗಿಂತ ಬಹಳ ಎತ್ತರ. ಏಪ್ರಿಲ್‌ನಲ್ಲಿ ಬೆಳಗಿನ ಜಾವ 4ಕ್ಕೆ ಎದ್ದರೆ ಸಿಗುತ್ತೆ.

ಶಟರ್ ಲೆಕ್ಕ ಸುಲಭ: 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ಎಪಿಎಸ್-ಸಿ ಆದರೆ ಇನ್ನೊಮ್ಮೆ 1.5ರಿಂದ. 14 ಎಂಎಂಗೆ ಸುಮಾರು 24 ಸೆಕೆಂಡ್. ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ 15ಕ್ಕೆ ಇಳಿಸಿ. ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿಯೇ ಉಳಿಯುತ್ತೆ.