ವಿಂಡೋಸ್ ಒಳಗಿನ ಉಬುಂಟು
ಕೇರಳದ ಸರಕಾರಿ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶದತ್ತ ಹೊರಳಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡುದರಿಂದ, ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಆಧಾರಿತ ಕಂಪ್ಯೂಟರ್ ಶಾಲೆಯಿಂದಲೇ ಪರಿಚಿತ. ಅವರು ಮುಂದೆ ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜನ್ನೋ ಮತ್ತೊಂದನ್ನೋ ಸೇರಿ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಕೋರ್‌ನಂತಹ, ಅಂದರೆ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುವ ಕ್ರಿಪ್ಟೋಕರೆನ್ಸಿ ತಂತ್ರಾಂಶದ ಕೆಲಸಕ್ಕೆ ತೊಡಗುವುದಾದರೆ, ಆ ಪರಿಚಯ ನಿಜಕ್ಕೂ ದೊಡ್ಡ ಆಸ್ತಿ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿರುವ ಬಿಟ್‌ಕಾಯಿನ್ ಕೋರ್ ಕೋಡನ್ನು ವಿಂಡೋಸ್‌ನಲ್ಲಿ ನಡೆಯುವ ವಿಶುವಲ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿಯೂ ಕಂಪೈಲ್ ಮಾಡಬಹುದು, ಅಂದರೆ ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತರಬಹುದು. ಆದರೆ ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಸೌಲಭ್ಯದಲ್ಲಿ ಉಬುಂಟು ಅಳವಡಿಸಿಕೊಂಡು, ಅಲ್ಲಿಂದಲೇ ವಿಂಡೋಸ್‌ಗೆ ಬೇಕಾದ ಪ್ರೋಗ್ರಾಂ ಕಡತವನ್ನು ಸಿದ್ಧಪಡಿಸುವ ಮಾರ್ಗ ಈ ವಿದ್ಯಾರ್ಥಿಗಳಿಗೆ ಹೆಚ್ಚು ಒಗ್ಗುತ್ತದೆ. ಆಗ ಕೋಡನ್ನು ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಇಡದೆ ಉಬುಂಟುವಿನ ಸ್ವಂತ ಕಡತ ವ್ಯವಸ್ಥೆಯಲ್ಲೇ ಇಡಬೇಕು. ಅಷ್ಟೇ ಅಲ್ಲ, ಆದೇಶಗಳನ್ನು ಕಂಪ್ಯೂಟರ್ ಎಲ್ಲೆಲ್ಲಿ ಹುಡುಕಬೇಕೆಂದು ತಿಳಿಸುವ ‘ಪಾತ್’ ಎಂಬ ಪಟ್ಟಿಯೊಳಗೆ ತಾನಾಗಿ ಸೇರಿಕೊಳ್ಳುವ ವಿಂಡೋಸ್ ವಿಳಾಸಗಳನ್ನು ಮೊದಲೇ ತೆಗೆದುಹಾಕಬೇಕು, ಏಕೆಂದರೆ ‘ಪ್ರೋಗ್ರಾಂ ಫೈಲ್ಸ್’ ಎಂಬ ಹೆಸರಿನ ನಡುವಣ ಒಂದು ಖಾಲಿ ಜಾಗವೇ ಕಂಪೈಲ್ ಕೆಲಸ ಅರ್ಧಕ್ಕೆ ನಿಲ್ಲಲು ಸಾಕು. ಪರೀಕ್ಷೆಗೆ ನಿಜವಾದ ಹಣದ ಅಗತ್ಯವಿಲ್ಲ. ಒಂದೇ ಕಂಪ್ಯೂಟರಿನೊಳಗೆ ನಡೆಯುವ ‘ರೆಗ್‌ಟೆಸ್ಟ್’ ಎಂಬ ಖಾಸಗಿ ಜಾಲದಲ್ಲಿ ಬೇಕೆಂದಾಗ ಹೊಸ ಬ್ಲಾಕ್ ಸೃಷ್ಟಿಸಿ, ಬೆಲೆಯಿಲ್ಲದ ನಾಣ್ಯಗಳಿಂದಲೇ ವಹಿವಾಟನ್ನು ಪರಿಶೀಲಿಸಬಹುದಾದ್ದರಿಂದ, ಸ್ವಂತ ಹಣವಿರುವ ವಾಲೆಟ್‌ನ ಕೀಲಿಗಳನ್ನು ಅಂಥ ಕಂಪ್ಯೂಟರಿನಲ್ಲಿ ಇಡಲೇಬಾರದು.