ಅಡಗಿ ಕೂರುವ ಮೀನಿನ ಬೆಲೆಯಲ್ಲಿ ಏನೇನಿದೆ?

ಪೆಪ್ಪರ್‌ಮಿಂಟ್ ಏಂಜೆಲ್ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಸಮುದ್ರಮೀನು, ಕುಬ್ಜ ಏಂಜೆಲ್‌ಗಳ ಗುಂಪಿನದು. ಕೆಂಪು ಮೈ, ಮೇಲಿನಿಂದ ಕೆಳಕ್ಕೆ ಇಳಿದ ಬಿಳಿ ಪಟ್ಟೆಗಳು. ಹೊನೊಲುಲುವಿನ ವೈಕಿಕಿ ಅಕ್ವೇರಿಯಂ ತನ್ನಲ್ಲಿದ್ದ ಇಂಥ ಒಂದು ಮೀನನ್ನು 30,000 ಡಾಲರಿಗೂ ಕೊಡಲಿಲ್ಲ ಎಂಬುದು ಹಿಂದೊಮ್ಮೆ ದೊಡ್ಡ ಸುದ್ದಿಯಾಗಿತ್ತು. ಅಪರೂಪದ ಮೀನಿಗೆ ಅಷ್ಟು ಬೆಲೆ ಸಹಜ ಅಲ್ಲವೇ ಎನ್ನುತ್ತಾರೆ ಅಕ್ವೇರಿಯಂ ಹುಚ್ಚಿನವರು. ನನಗೆ ಈ ಲೆಕ್ಕ ಒಪ್ಪಿಗೆಯಾಗದು.

ಈ ಮೀನು ಇರುವುದು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಲ್ಲೊಂದಾದ ರಾರೊಟೊಂಗಾ ಬಳಿ, 50 ಮೀಟರಿಗೂ ಕೆಳಗೆ. ಹವ್ಯಾಸಿ ಸ್ಕೂಬಾ ಮಂದಿಗೆ 40 ಮೀಟರೇ ಗಡಿ. ಈ ಮೀನನ್ನು 1992ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ರಿಚರ್ಡ್ ಪೈಲ್ ಮತ್ತು ಜಾನ್ ರ‍್ಯಾಂಡಲ್, ಅದೇ ದ್ವೀಪದ ಇನ್ನೂ ಆಳದ ಒಂದು ಕುಬ್ಜ ಏಂಜೆಲ್‌ಗೆ 'ನಾರ್ಕೋಸಿಸ್' ಎಂದೇ ಹೆಸರಿಟ್ಟರು. ಆಳದಲ್ಲಿ ಗಾಳಿ ಉಸಿರಾಡುವವನಿಗೆ ಸಾರಜನಕದಿಂದ ಏರುವ ಅಮಲು ಅದು. ಹಿಡಿದವನು ಮೇಲೆ ಬರುವಾಗ ನಡುನಡುವೆ ತಂಗಿ ತಂಗಿ ಬರಬೇಕು. ಒತ್ತಡ ಇಳಿದಂತೆ ಮೀನಿನ ಗಾಳಿಚೀಲವೂ ಉಬ್ಬುತ್ತದೆ. ಕೆಲವೊಮ್ಮೆ ಸೂಜಿ ಚುಚ್ಚಿ ಗಾಳಿ ತೆಗೆಯುತ್ತಾರೆ. ಹಾಗಾಗಿ ನಾವು ಕೊಡುವ ದುಡ್ಡು ಮೀನು ಕಡಿಮೆ ಇದೆ ಎಂಬುದಕ್ಕಲ್ಲ, ಅದು ಅಷ್ಟು ಕೆಳಗಿದೆ ಎಂಬುದಕ್ಕೆ.

ಇನ್ನು ಸಂಕೋಚದ ಮಾತು. ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಮಲ್ಟಿಬಾರ್ ಏಂಜೆಲ್ ಇದೆ. ಪೆಪ್ಪರ್‌ಮಿಂಟ್‌ನ ಹತ್ತಿರದ ನೆಂಟ, ಸಮುದ್ರದಲ್ಲಿ ಗುಹೆ, ಬಂಡೆಚಾಚುಗಳ ನೆರಳಲ್ಲೇ ಬದುಕುವಂಥದ್ದು. ನೀರು ತಣಿಸುವ ಚಿಲ್ಲರ್, ಕೊಳೆ ತೆಗೆಯುವ ಸ್ಕಿಮ್ಮರ್, ಉಪ್ಪು, ಕರೆಂಟ್ ಬಿಲ್ಲು ಎಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರ. ಮುಕ್ಕಾಲು ಗಂಟೆ ಕುರ್ಚಿ ಹಾಕಿ ಕೂತೆ. ಕಂಡದ್ದು ಬಂಡೆಯ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಪಟ್ಟೆ. ನಾನು ಕೆಮ್ಮಿದೆ, ಅದೂ ಮಾಯ. 'ನೋಡಿದ್ರಲ್ಲ?' ಅಂದರು ಗೆಳೆಯರು, ಹೆಮ್ಮೆಯಿಂದಲೇ.

ನಗು ಬಂತಾದರೂ ಈ ಸಂಕೋಚ ತಮಾಷೆಯಲ್ಲ. ಕುಬ್ಜ ಏಂಜೆಲ್‌ಗಳು ದಿನವಿಡೀ ಬಂಡೆಗೆ ಬಾಯಿ ಹಾಕುತ್ತ ಪಾಚಿ, ಸಣ್ಣ ಜೀವಿಗಳನ್ನು ಕುಕ್ಕುವಂಥವು. ಒರಟು ಮೀನುಗಳ ಜತೆ ಬಿಟ್ಟರೆ ಊಟದ ಹೊತ್ತಿಗೆ ಹೊರಗೇ ಬರುವುದಿಲ್ಲ. ಯಾರಿಗೂ ಗೊತ್ತಾಗದೆ ಸೊರಗುತ್ತವೆ. ಹೊಸ ತೊಟ್ಟಿಯಲ್ಲಿ ಕುಕ್ಕಲು ಏನೂ ಇರುವುದಿಲ್ಲ. ತಿಂಗಳುಗಟ್ಟಲೆ ನೀರಲ್ಲಿದ್ದು ಹಳೆಯದಾದ ಬಂಡೆ ಬೇಕು, ಮಂದ ಬೆಳಕು ಬೇಕು, ಸೌಮ್ಯ ನೆರೆಹೊರೆ ಬೇಕು. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ: 'ನನ್ನ ಎದುರಿಗೆ ಒಮ್ಮೆ ಊಟ ಹಾಕಿ' ಎನ್ನಬೇಕು.

ಸಾಕಲೇಬಾರದು ಎನ್ನುವವರ ಪಕ್ಷ ನನ್ನದಲ್ಲ. ತೊಟ್ಟಿಯಲ್ಲೇ ಮರಿ ಮಾಡಿಸುವ ದಾರಿ ಇದೆ, ಕಷ್ಟದ್ದು. ಈ ಮೀನುಗಳು ಮುಸ್ಸಂಜೆ ಜೋಡಿಯಾಗಿ ಮೇಲೇರಿ ನೀರಿಗೆ ಮೊಟ್ಟೆ ಚೆಲ್ಲುತ್ತವೆ. ಮೊಟ್ಟೆ ಒಂದು ಮಿಲಿಮೀಟರಿಗಿಂತ ಸಣ್ಣದು. ಮರಿಯ ಬಾಯಿಗೆ ನಾವು ಸಾಮಾನ್ಯವಾಗಿ ಕೊಡುವ ಆರ್ಟೀಮಿಯಾ ಎಂಬ ಪುಟಾಣಿ ಸಿಗಡಿ ಕೂಡ ದೊಡ್ಡ ತುತ್ತು. ಕೋಪಿಪಾಡ್ ಎಂಬ ಅತಿ ಪುಟ್ಟ ಜಲಜೀವಿಯ ಮರಿಗಳನ್ನು ಉಣಿಸಿ ಈ ಗಂಟು ಬಿಡಿಸಿದವರಲ್ಲಿ ಹವಾಯಿಯ ಫ್ರ್ಯಾಂಕ್ ಬೆನ್ಶ್ ಮೊದಲಿಗರು. ಅಟ್ಲಾಂಟಿಕ್ ನಡುವಿನ ಅಸೆನ್ಷನ್ ದ್ವೀಪದ ರೆಸ್ಪ್ಲೆಂಡೆಂಟ್ ಏಂಜೆಲ್ ಕೂಡ ಹೀಗೆಯೇ ತೊಟ್ಟಿಯಲ್ಲಿ ಹುಟ್ಟಿ ಹವ್ಯಾಸಿಗಳ ಮನೆ ತಲುಪಿತು. ನಮ್ಮಲ್ಲೂ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್ ಮರಿ ಮಾಡಿಸುವ ವಿದ್ಯೆ ಕರಗತ ಮಾಡಿಕೊಂಡಿದೆ. ಏಂಜೆಲ್ ಅದಕ್ಕಿಂತ ಕಷ್ಟ: ಕ್ಲೌನ್‌ಫಿಶ್ ಮೊಟ್ಟೆಗೆ ಕಾವಲು ಕೂರುತ್ತದೆ, ಏಂಜೆಲ್ ನೀರಿಗೆ ಬಿಟ್ಟು ಹೊರಡುತ್ತದೆ.

ಇನ್ನು ಕಾನೂನಿನ ಮಾತು. ಕೇಂದ್ರ ಸರ್ಕಾರ 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದು 158 ಜಾತಿಗಳ ನಿಷೇಧಪಟ್ಟಿ ಕೊಟ್ಟಿತು. ಆಮೇಲೆ ಆ ನಿಯಮವನ್ನೇ ಹಿಂಪಡೆಯಿತು. ಜಾತಿ ಹೆಸರಿನ ಉದ್ದ ಪಟ್ಟಿಗಿಂತ ಮೀನಿನ ಮೂಲ ಕೇಳುವ ಒಂದೇ ಸಾಲು ಹೆಚ್ಚು ಕೆಲಸ ಮಾಡುತ್ತದೆ: ಸಮುದ್ರದಿಂದ ಹಿಡಿದದ್ದೋ, ತೊಟ್ಟಿಯಲ್ಲಿ ಹುಟ್ಟಿದ್ದೋ? ಹಿಡಿದದ್ದಾದರೆ ಬಲೆಯಲ್ಲೋ, ಮೀನು ಮಂಕಾಗಲೆಂದು ಸಯನೈಡ್ ಚಿಮ್ಮಿಸಿಯೋ? ಫಿಲಿಪ್ಪೀನ್ಸ್ ಕಡೆ ಆ ವಿಷದ ಚಾಳಿ ದಶಕಗಳಷ್ಟು ಹಳೆಯದು.

ಹೊರಡುವಾಗ ಗೆಳೆಯರ ಹತ್ತಿರ ಬಿಲ್ಲು ಕೇಳಿ ನೋಡಿದೆ. 'ಮೆರೈನ್ ಏಂಜೆಲ್ – 1' ಎಂದಿತ್ತು, ಪಕ್ಕದಲ್ಲಿ ಮೊತ್ತ. ಅಷ್ಟೇ.